ಸತ್ಯಾಂಶ: ಮನೆಯ ಫೈಬರ್ ಕೇಬಲ್‌ನಲ್ಲಿ ಗ್ರಾಫೀನ್ ಸಂವೇದಕ ಇಲ್ಲ

ಇಂಟರ್ನೆಟ್‌ ಫೈಬರ್ ಕೇಬಲ್‌ಗೆ ಗ್ರಾಫೀನ್ (ಇಂಗಾಲದ ಅತಿ ತೆಳು ಹಾಳೆ) ಬಳಿದಿರುತ್ತಾರೆ, ಅದು ಮನೆಯವರ ಉಸಿರನ್ನೂ ಮಾತನ್ನೂ ಗ್ರಹಿಸಿ ಹೊರಗೆ ಕಳುಹಿಸುತ್ತದೆ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಕೈಯಿಂದ ಕೈಗೆ ಸಾಗುತ್ತಿದೆ. ಇದು ನಿಜವಲ್ಲ.

ಆ ಕೇಬಲ್‌ನೊಳಗಿನ ಎಳೆ ಸಿಲಿಕಾ ಗಾಜಿನದು. ಬೆಳಕು ಸಾಗುವ ತಿರುಳಿನ ಅಡ್ಡಗಲ ಸುಮಾರು 9 ಮೈಕ್ರೋಮೀಟರ್ (1 ಮೈಕ್ರೋಮೀಟರ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ), ಗಾಜಿನ ಹೊದಿಕೆಯೂ ಸೇರಿದರೆ 125 ಮೈಕ್ರೋಮೀಟರ್, ಅದರ ಮೇಲಿರುವುದು ಅಕ್ರಿಲೇಟ್ ಎಂಬ ಪ್ಲಾಸ್ಟಿಕ್ ಲೇಪ. ಬೆಳಕನ್ನು ತಿರುಳಿನಲ್ಲೇ ಹಿಡಿದಿಡುವುದು ಹೊದಿಕೆಯ ಕೆಲಸವಾದ್ದರಿಂದ, ಹೊರಗೆ ಗ್ರಾಫೀನ್ ಬಳಿದರೂ ಬೆಳಕು ಅದನ್ನು ತಲುಪುವುದೇ ಇಲ್ಲ.

ಗ್ರಾಫೀನ್ ಬಳಸಿದ ಫೈಬರ್ ಸಂವೇದಕಗಳು ಇರುವುದಂತೂ ದಿಟ, ಆದರೆ ಅವುಗಳ ರಚನೆಯೇ ಬೇರೆ. ಫೈಬರ್‌ನ ಒಂದು ಪಕ್ಕವನ್ನು ಉಜ್ಜಿ ಸವೆಸಿ, ಇಲ್ಲವೇ ಕಾಯಿಸಿ ಎಳೆದು ತೆಳುವಾಗಿಸಿ, ತಿರುಳಿನಿಂದ ತುಸುವೇ ಹೊರಚಾಚುವ ಬೆಳಕು ಮೇಲೆ ಕೂರಿಸಿದ ಗ್ರಾಫೀನನ್ನು ತಾಕುವಂತೆ ಮಾಡುತ್ತಾರೆ. 2004ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಗೈಮ್ ಮತ್ತು ನೊವೊಸೆಲೊವ್ ಎಂಬ ವಿಜ್ಞಾನಿಗಳು ಅಂಟುಪಟ್ಟಿಯಿಂದ ಗ್ರಾಫೈಟ್‌ ಸುಲಿದು ಪಡೆದ ಈ ಹಾಳೆಯ ದಪ್ಪ ಒಂದೇ ಪರಮಾಣುವಿನಷ್ಟು. ಆದರೂ ಅದು ತನ್ನ ಮೂಲಕ ನೇರವಾಗಿ ಹಾಯುವ ಬೆಳಕಿನ ಶೇ 2.3ರಷ್ಟನ್ನು ಹೀರುತ್ತದೆ, ನನಗೆ ಇಂದಿಗೂ ಬೆರಗು ಹುಟ್ಟಿಸುವ ಸಂಗತಿಯಿದು. ಅಮೋನಿಯಾದಂತಹ ಅನಿಲದ ಅಣುಗಳು ಅದಕ್ಕೆ ಅಂಟಿದಾಗ ಅದರ ವಿದ್ಯುತ್ ಗುಣ ಬದಲಾಗಿ, ಫೈಬರ್‌ನೊಳಗಿನ ಬೆಳಕಿನಲ್ಲೂ ವ್ಯತ್ಯಾಸ ಕಾಣುತ್ತದೆ, ಅಳೆಯುವುದು ಅದನ್ನೇ.

ಸಾಮಾನ್ಯ ಫೈಬರ್‌ನಿಂದಲೂ ನೆಲದ ಕಂಪನವನ್ನು ಗುರುತಿಸಬಹುದು, ಆದರೆ ಅದಕ್ಕೆ ಎಳೆಯ ತುದಿಯಲ್ಲಿ ವಿಶೇಷ ಲೇಸರ್ ಉಪಕರಣ ಬೇಕು. ಗ್ರಾಫೀನ್‌ಗೂ ಅದಕ್ಕೂ ಸಂಬಂಧವಿಲ್ಲ.