ಹಸುವಿನ ಕಿವಿಯೋಲೆ ಮತ್ತು ನನ್ನ ಕ್ಯಾಮೆರಾ

ಕ್ಯಾಮೆರಾ ಕೊಂಡವನ ಮನೆಯಲ್ಲಿ ಮೊದಲು ಏರುಪೇರಾಗುವುದು ಊಟ ತಿಂಡಿಯ ಹೊತ್ತು. ಚಿತ್ರಕ್ಕೆ ಒದಗುವ ಬೆಳಕು ಇರುವುದೇ ಸೂರ್ಯ ಹುಟ್ಟಿದ ಮೇಲಿನ ಒಂದು ಗಂಟೆ ಮತ್ತು ಮುಳುಗುವ ಮುಂಚಿನ ಒಂದು ಗಂಟೆ. ನಮ್ಮ ಹಾಸನದ ಕಡೆಯ ಮನೆಗಳಲ್ಲಿ ಕಾಫಿಯ ಹೊತ್ತೂ ಅದರ ಆಸುಪಾಸಿನಲ್ಲೇ. ಹೀಗಾಗಿ ಹವ್ಯಾಸಿ ಛಾಯಾಗ್ರಾಹಕನಿಗೆ ಆರಿದ ಕಾಫಿಯೇ ಗತಿ. ಮೊದಮೊದಲು ಮನೆಯವರು ಬಿಸಿ ಮಾಡಿ ಕೊಡುತ್ತಾರೆ. ಕೆಲವು ತಿಂಗಳಾದ ಮೇಲೆ ಲೋಟಕ್ಕೆ ತಟ್ಟೆ ಮುಚ್ಚಿಟ್ಟು ತಮ್ಮ ಪಾಡಿಗೆ ತಾವಿರುತ್ತಾರೆ. ಆಮೇಲೆ ತಟ್ಟೆ ಎತ್ತಿ ನೋಡಿದರೆ ಲೋಟ ಖಾಲಿ ಇರುತ್ತದೆ.

ಹಾಸನದಲ್ಲಿ ಇದ್ದುಕೊಂಡು ಈ ಚಟ ಹತ್ತದಂತೆ ನೋಡಿಕೊಳ್ಳುವುದು ಸುಲಭವಲ್ಲ. ಪೂರ್ವಕ್ಕೆ ಹೊರಟರೆ ಶ್ರವಣಬೆಳಗೊಳ, ಪಶ್ಚಿಮಕ್ಕೆ ಹೊರಟರೆ ಸಕಲೇಶಪುರದ ಮಂಜು, ಉತ್ತರದ ಕಡೆ ಹಳೇಬೀಡು ಮತ್ತು ಬೇಲೂರು. ಗೊರೂರಿನ ಹಿನ್ನೀರಿನ ಅಂಚಿಗೆ ಹೋದರೆ 1860ರ ದಶಕದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿದ ಶೆಟ್ಟಿಹಳ್ಳಿಯ ಇಗರ್ಜಿ ಬೇಸಿಗೆಯಲ್ಲಿ ಒಣನೆಲದ ಮೇಲೂ ಮಳೆಗಾಲದಲ್ಲಿ ಎದೆಮಟ್ಟ ನೀರಿನಲ್ಲೂ ನಿಂತಿರುತ್ತದೆ. ಆದರೆ ಅಲ್ಲಿಗೆ ಈಗ ನಾನು ಹೋಗುವುದು ಕಡಿಮೆ. ಮದುವೆಗೆ ಮುಂಚಿನ ಫೋಟೊ ತೆಗೆಸಿಕೊಳ್ಳುವ ಜೋಡಿಗಳು ಸರದಿಯಲ್ಲಿ ನಿಂತಿರುತ್ತವೆ. ಹುಡುಗಿಯ ನಿಲುವಂಗಿಯ ತುದಿಯನ್ನು ಗಾಳಿಗೆ ಹಾರಿಸಲೆಂದೇ ಒಬ್ಬ ಹುಡುಗನನ್ನು ಕರೆತಂದಿರುತ್ತಾರೆ. ಅವನು ತುದಿಯನ್ನು ಎಸೆದು ಚೌಕಟ್ಟಿನಿಂದ ಆಚೆಗೆ ಓಡುವ ವೇಗವಿದೆಯಲ್ಲ, ಅದನ್ನು ಯಾರಾದರೂ ಚಿತ್ರ ತೆಗೆಯಬೇಕು.

ಹಳೇಬೀಡಿನ ವಿಷಯ ಬೇರೆ. ಹೊಯ್ಸಳೇಶ್ವರನ ಗುಡಿ ಪೂರ್ವಕ್ಕೆ ಮುಖ ಮಾಡಿದೆ, ಆದರೆ ಶಿಲ್ಪಿಗಳು ತಮ್ಮ ಕೈಚಳಕವನ್ನು ಧಾರಾಳವಾಗಿ ಸುರಿದಿರುವುದು ಹಿಂಬದಿಯ ಗೋಡೆಗಳ ಮೇಲೆ. ಬೆಳಿಗ್ಗೆ ಹೋದವನಿಗೆ ಅವೆಲ್ಲ ನೆರಳಿನಲ್ಲಿ ಚಪ್ಪಟೆಯಾಗಿ ಕಾಣುತ್ತವೆ. ಪ್ರವಾಸಿ ಬಸ್ಸುಗಳು ಬರುವ ನೆತ್ತಿಬಿಸಿಲಿನ ಹೊತ್ತಿನಲ್ಲಿ ಪ್ರತಿ ದೇವರ ಹುಬ್ಬಿನ ಕೆಳಗೂ ಕಪ್ಪು ಗುಳಿ. ಮಧ್ಯಾಹ್ನ ಮೂರರ ಮೇಲೆ ಬಿಸಿಲು ಓರೆಯಾಗಿ ಬೀಳತೊಡಗಿದಾಗ ಬಳಪದ ಕಲ್ಲಿನಲ್ಲಿ ಕೊರೆದ ಸರದ ಒಂದೊಂದು ಮಣಿಯೂ ತನ್ನ ಪಾಲಿನ ನೆರಳನ್ನು ಪಡೆದುಕೊಂಡು ಗೋಡೆಯಿಂದ ಎದ್ದು ಬರುತ್ತದೆ. ಅದೂ ಒಟ್ಟಿಗೆ ಅಲ್ಲ. ಗೋಡೆ ಮೂಲೆಮೂಲೆಯಾಗಿ ಮುರಿದುಕೊಂಡು ಸಾಗುವುದರಿಂದ ಒಂದು ಮುಖಕ್ಕೆ ಬಿಸಿಲು ಬಂದಾಗ ಪಕ್ಕದ ಮುಖ ಇನ್ನೂ ಕಾಯುತ್ತಿರುತ್ತದೆ. ನಾವೂ ಅದರ ಜೊತೆ ಕಾಯಬೇಕು.

ಕಾದು ಕಾದು ಬಿಸಿಲು ಬಂತು ಎನ್ನುವಾಗಲೇ ಹಿಂದಿನಿಂದ ದನಿ ಕೇಳುತ್ತದೆ: "ಅಣ್ಣ, ನಮ್ಮದೊಂದು ಫೋಟೊ ತೆಗೆದುಕೊಡಿ." ಕುತ್ತಿಗೆಯಲ್ಲಿ ದೊಡ್ಡ ಕ್ಯಾಮೆರಾ ತೂಗುವವನನ್ನು ಕಂಡರೆ ಪ್ರವಾಸಿಗರು ತಮ್ಮ ಮೊಬೈಲನ್ನು ಅವನ ಕೈಗೇ ಕೊಡುತ್ತಾರೆ. ದೊಡ್ಡದು ಇರುವವನಿಗೆ ಚಿಕ್ಕದರಲ್ಲೂ ಚೆನ್ನಾಗಿ ತೆಗೆಯಲು ಬರುತ್ತದೆ, ಮೇಲಾಗಿ ಆ ಭಾರ ಹೊತ್ತುಕೊಂಡು ಮೊಬೈಲಿನೊಂದಿಗೆ ಓಡಿಹೋಗಲಾರ ಎಂಬ ಲೆಕ್ಕ. ಕುಟುಂಬ ಸಾಲಾಗಿ ನಿಲ್ಲುವಷ್ಟರಲ್ಲಿ, ಚಿಕ್ಕಪ್ಪನನ್ನು ಚಪ್ಪಲಿ ಬಿಟ್ಟ ಕಡೆಯಿಂದ ಕರೆತರುವಷ್ಟರಲ್ಲಿ, ಬಿಸಿಲು ಮುಂದಿನ ಮೂಲೆಗೆ ಸರಿದಿರುತ್ತದೆ.

ಇದೇ ಹಳೇಬೀಡಿಗೆ 1854ರ ಡಿಸೆಂಬರಿನಲ್ಲಿ ಲಿನ್ನೇಯಸ್ ಟ್ರೈಪ್ ಎಂಬ ಬ್ರಿಟಿಷ್ ಸೇನಾಧಿಕಾರಿ ಬಂದು ಕಾಗದದ ನೆಗೆಟಿವ್‌ಗಳ ಮೇಲೆ ಗುಡಿಯ ಚಿತ್ರಗಳನ್ನು ತೆಗೆದ. ಅವನ ಕಷ್ಟದ ಮುಂದೆ ನನ್ನದು ಯಾವ ಲೆಕ್ಕ? ದೊಡ್ಡ ಪೆಟ್ಟಿಗೆ, ರಾಸಾಯನಿಕಗಳು, ಎತ್ತಿನ ಗಾಡಿಯ ಕಾಲದ ದಾರಿ. ಆದರೆ ಒಂದು ಅನುಕೂಲ ಅವನಿಗಿತ್ತು. ಈಗ ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಮುಕ್ಕಾಲಿ ನಿಲ್ಲಿಸಬೇಕಾದರೆ ಮುಂಚೆಯೇ ಅನುಮತಿ ಪಡೆದಿರಬೇಕು. ಟ್ರೈಪ್ ಇವತ್ತು ಬಂದಿದ್ದರೆ ಅವನ ಮುಕ್ಕಾಲಿ ಗೇಟಿನ ಹತ್ತಿರವೇ ಉಳಿಯುತ್ತಿತ್ತು.

ಮಂಜು ಇನ್ನೊಂದು ಬಗೆಯ ಪರೀಕ್ಷೆ. ಕ್ಯಾಮೆರಾದೊಳಗಿನ ಬೆಳಕಿನ ಮಾಪಕಕ್ಕೆ ಜಗತ್ತೆಲ್ಲ ನಡುಬೂದು ಬಣ್ಣದ್ದು ಎಂಬ ಅಚಲ ನಂಬಿಕೆಯಿದೆ. ಬಿದ್ದ ಬೆಳಕಿನಲ್ಲಿ ಶೇಕಡಾ 18ರಷ್ಟನ್ನು ಹಿಂದಕ್ಕೆ ಕಳಿಸುವ ಬೂದು ಅದು. ಮುಳ್ಳಯ್ಯನಗಿರಿಯ ಬೆಳ್ಳನೆಯ ಮಂಜಿಗೆ ಹಿಡಿದರೂ ಅದು "ಇಷ್ಟೊಂದು ಬಿಳುಪು ಇರಲಾರದು" ಎಂದು ತಾನೇ ತೀರ್ಮಾನಿಸಿ ಬೆಳಕನ್ನು ಕಡಿತಗೊಳಿಸುತ್ತದೆ. ಚಳಿಯಲ್ಲಿ ನಡುಗುತ್ತ ಬೆಟ್ಟ ಹತ್ತಿ ತೆಗೆದ ಮಂಜು ಮನೆಗೆ ಬಂದು ನೋಡಿದರೆ ಪಾತ್ರೆ ತೊಳೆದ ನೀರಿನಂತೆ ಕಾಣುತ್ತದೆ. ಬಿಳಿಯ ಮುಂದೆ ನಿಂತಾಗ ಮಾಪಕದ ಮಾತು ಕೇಳದೆ ಒಂದು ಹಂತ ಬೆಳಕು ಏರಿಸಿಕೊಳ್ಳಬೇಕು. ಫೋಕಸ್ಸಿನದು ಬೇರೆಯೇ ಗೋಳು. ಮಂಜಿನಲ್ಲಿ ಹಿಡಿದುಕೊಳ್ಳಲು ಒಂದು ಗೆರೆಯೂ ಸಿಗದೆ ಲೆನ್ಸು ಜರ್ರ್ ಎಂದು ಮುಂದಕ್ಕೆ, ಜರ್ರ್ ಎಂದು ಹಿಂದಕ್ಕೆ ಹೋಗುತ್ತ ಅಲೆಯುತ್ತದೆ. ಪಕ್ಕದಲ್ಲಿ ಕಾಲೇಜು ಹುಡುಗನೊಬ್ಬ ಮೊಬೈಲು ಎತ್ತಿ ಒಮ್ಮೆ ಒತ್ತಿ, ಸ್ಟೇಟಸ್ಸಿಗೆ ಹಾಕಿ, ಮೆಣಸಿನಕಾಯಿ ಬಜ್ಜಿ ತಿನ್ನಲು ಹೋಗಿರುತ್ತಾನೆ. ಅವನ ಚಿತ್ರ ಚೆನ್ನಾಗಿಯೇ ಬಂದಿರುತ್ತದೆ. ಈಗಿನ ಮೊಬೈಲು ನಮಗೆ ಗೊತ್ತಾಗದಂತೆ ಹಲವು ಚಿತ್ರಗಳನ್ನು ತೆಗೆದು, ಒಂದರ ಮೇಲೊಂದು ಕೂಡಿಸಿ, ಚೆನ್ನಾದ ಒಂದನ್ನು ಮುಂದಿಡುತ್ತದೆ. ಇದನ್ನು ಒಪ್ಪಿಕೊಳ್ಳಲು ನನಗೆ ಹೊಟ್ಟೆಕಿಚ್ಚಿದೆ, ಆದರೆ ನಿಜ ನಿಜವೇ.

ಕಾಫಿ ಹೂವಿನ ಚಿತ್ರಕ್ಕೂ ನನ್ನ ನೌಕರಿಗೂ ಎಣ್ಣೆ ಸೀಗೆಕಾಯಿಯ ಸಂಬಂಧ. ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗಾಗುತ್ತದೆ, ಮಲ್ಲಿಗೆಯನ್ನು ಹೋಲುವ ಕಂಪು ರಸ್ತೆಯವರೆಗೂ ಬರುತ್ತದೆ, ಮೂರು ನಾಲ್ಕು ದಿನಕ್ಕೆ ಕಂದು ಬಣ್ಣಕ್ಕೆ ತಿರುಗಿ ಮುಗಿದೇಹೋಗುತ್ತದೆ. ಸಕಲೇಶಪುರದ ಕಡೆಯ ನಮ್ಮ ಭಾವ ಫೋನು ಮಾಡಿ "ಹೂವಾಗಿದೆ, ಬನ್ನಿ" ಎನ್ನುವುದು ಮಾರ್ಚ್ ಕೊನೆಗೆ ಅಥವಾ ಏಪ್ರಿಲ್ ಮೊದಲಿಗೆ. ಎಸ್ಸೆಸ್ಸೆಲ್ಸಿ ಪರೀಕ್ಷೆ ನಡೆಯುವುದೂ ಆಗಲೇ. ನಾನು ಮೇಷ್ಟ್ರು. ಕೊಠಡಿ ಮೇಲ್ವಿಚಾರಕನಾಗಿ ಡೆಸ್ಕುಗಳ ನಡುವೆ ಓಡಾಡುತ್ತ, ಎದುರಿಗಿರುವ ಬಿಳಿ ಉತ್ತರಪತ್ರಿಕೆಗಳಿಗೆ ಎಷ್ಟು ಹಂತ ಏರಿಸಬೇಕು ಎಂದು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿರುತ್ತೇನೆ. ಭಾವನ ರೊಬಸ್ಟಾ ತೋಟದಲ್ಲಿ ಸ್ಪ್ರಿಂಕ್ಲರ್ ಇದೆ, ಬೇಕಾದ ವಾರಕ್ಕೆ ನೀರು ಹಾಯಿಸಿ ಹೂ ಬಿಡಿಸಬಹುದು. ನನ್ನ ರಜೆ ನೋಡಿಕೊಂಡು ಹಾಯಿಸಿ ಎಂದು ಕೇಳುವಷ್ಟು ಸಲುಗೆ ಇನ್ನೂ ಬೆಳೆದಿಲ್ಲ.

ಮಲೆನಾಡಿನ ಮಳೆಗಾಲ ಲೆನ್ಸಿಗೆ ಆಗಿಬರುವುದಿಲ್ಲ. ಗಾಳಿಯ ತೇವಕ್ಕೆ ಗಾಜಿನೊಳಗೆ ಬೂಷ್ಟು ಹುಟ್ಟುತ್ತದೆ, ಸಣ್ಣ ಎಳೆಗಳು ಅಂಚಿನಿಂದ ನಡುವಿಗೆ ಹರಡುತ್ತವೆ, ಕೊನೆಗೆ ಗಾಜಿನ ಮೇಲಿನ ಲೇಪವನ್ನೇ ತಿಂದುಹಾಕುತ್ತವೆ. ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಇಡಬೇಕು. ನೀಲಿ ಹರಳು ತೇವ ಹೀರಿ ಗುಲಾಬಿ ಬಣ್ಣಕ್ಕೆ ತಿರುಗಿದರೆ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಹುರಿಯಬೇಕು, ಆಗ ಮತ್ತೆ ನೀಲಿಯಾಗುತ್ತದೆ. ಈ ಬಾಣಲೆಯನ್ನು ಅಡಿಗೆಯ ಬಾಣಲೆಗಳ ಜೊತೆ ಇಡಕೂಡದು ಎಂಬ ಕರಾರಿನ ಮೇಲೆ ನನಗೆ ಒಲೆಯ ಹತ್ತಿರ ಪ್ರವೇಶ ಸಿಕ್ಕಿದೆ. ಅಕ್ಕ ಮಾತ್ರ, "ಅಷ್ಟೆಲ್ಲ ಏಕೆ? ಮೆಣಸು ಒಣಗಿಸುವ ಅಟ್ಟದ ಮೇಲಿಡು" ಎನ್ನುತ್ತಾಳೆ. ಅಟ್ಟದ ಮೇಲೆ ಹೊಗೆ ಕುಡಿದ ಲೆನ್ಸಿನಲ್ಲಿ ಲೋಕ ಹೇಗೆ ಕಾಣುತ್ತದೋ! ಇಂಬಳಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಣಬೆಯ ಚಿತ್ರಕ್ಕೆ ಮಂಡಿಯೂರಿದವನಿಗೆ ಅವು ಹತ್ತಿದ್ದೂ ಗೊತ್ತಾಗುವುದಿಲ್ಲ. ಮನೆಗೆ ಬಂದು ಕಾಲ್ಚೀಲ ಬಿಚ್ಚಿದಾಗ ನೆಲ ಒರೆಸುವವರಿಗೆ ಗೊತ್ತಾಗುತ್ತದೆ.

ಇಷ್ಟಾದರೂ ಏಕೆ ಬಿಡುವುದಿಲ್ಲ ಎಂದರೆ, ಕಣ್ಣಿಗೆ ಒಂದು ಕೆಟ್ಟ ಚಾಳಿ ಅಂಟಿಬಿಟ್ಟಿದೆ. ಎಲ್ಲಿ ನಿಂತರೂ ಬೆಳಕು ಎಲ್ಲಿಂದ ಬರುತ್ತಿದೆ ಎಂದು ನೋಡುತ್ತದೆ. ನಮ್ಮ ಬೀದಿಯಲ್ಲಿ ಯಾರ ಮನೆಯ ಕಿಟಕಿಗೆ ಎಷ್ಟು ಹೊತ್ತಿಗೆ ಬಿಸಿಲು ಬೀಳುತ್ತದೆ ಎಂಬುದು ನನಗೆ ಗೊತ್ತು. ಇದನ್ನು ಬಾಯಿಬಿಟ್ಟು ಹೇಳುವಂತಿಲ್ಲ. ಬೇಲೂರಿನ ದರ್ಪಣ ಸುಂದರಿ ಚಾಚಿದ ಸೂರಿನ ಕೆಳಗೆ ನೆರಳಿನಲ್ಲಿ ಮುಂಬಾಗಿ ನಿಂತಿದ್ದಾಳೆ, ಬಿಸಿಲು ನೇರವಾಗಿ ಅವಳ ಮುಖಕ್ಕೆ ಬೀಳುವುದು ಅಪರೂಪ. ಆದರೆ ಅಂಗಳದ ಕಲ್ಲುಹಾಸು ಬಿಸಿಲಿನಲ್ಲಿ ಹೊಳೆಯುವಾಗ ಅಲ್ಲಿಂದ ಪುಟಿದ ಬೆಳಕು ಕೆಳಗಿನಿಂದ ಮೆತ್ತಗೆ ಅವಳ ಗಲ್ಲಕ್ಕೆ ಏರುತ್ತದೆ. ಹಳೇಬೀಡಿನಲ್ಲಿ ನಾನು ಬೈಯುವ ನೆತ್ತಿಬಿಸಿಲೇ ಬೇಲೂರಿನಲ್ಲಿ ಬಲಗೈ ಬಂಟ. 1117ರಲ್ಲಿ ಗುಡಿಯಲ್ಲಿ ದೇವರ ಪ್ರತಿಷ್ಠೆ ಮಾಡಿಸಿದ ವಿಷ್ಣುವರ್ಧನನ ಕಾಲದವರಿಗೆ ಇದು ತಿಳಿದೇ ಮಾಡಿದ್ದೋ, ತಾನಾಗಿ ಒದಗಿದ್ದೋ, ಅಂತೂ ನನಗೆ ಇದರಿಂದ ದೊಡ್ಡ ಉಪಕಾರವಾಯಿತು.

ಉಪಕಾರವಾದದ್ದು ನಮ್ಮ ದೊಡ್ಡಮ್ಮನ ಫೋಟೊ ತೆಗೆಯುವಾಗ. ನನಗೆ ಬೇಕಾದ ಚಿತ್ರ ಒಂದು, ಊರಿಗೆ ಬೇಕಾದ ಚಿತ್ರ ಇನ್ನೊಂದು. ಮಂಜು, ಮದನಿಕೆ, ಮಿಂಚುಳ್ಳಿ ಎಂದು ನಾನು ಅಲೆಯುತ್ತಿದ್ದರೆ ಊರಿನವರು ಕ್ಯಾಮೆರಾದ ಸುದ್ದಿ ಕೇಳಿದ ಕೂಡಲೇ ಹೇಳುವುದು ಒಂದೇ ಮಾತು: "ಮನೆಯಲ್ಲಿ ವಯಸ್ಸಾದವರಿದ್ದಾರೆ, ಒಂದು ಒಳ್ಳೆಯ ಫೋಟೊ ಇಲ್ಲ." ಏಕೆ ಬೇಕು ಎಂಬುದನ್ನು ಯಾರೂ ಹೇಳುವುದಿಲ್ಲ. ಹೇಳುವ ಅಗತ್ಯವೂ ಇಲ್ಲ. ಪತ್ರಿಕೆಯಲ್ಲಿ ಶ್ರದ್ಧಾಂಜಲಿಯ ಪುಟ ನೋಡಿ: ಅರ್ಧಕ್ಕರ್ಧ ಚಿತ್ರಗಳು ಯಾರದೋ ಮದುವೆಯ ಗುಂಪುಚಿತ್ರದಿಂದ ಕತ್ತರಿಸಿದವು. ಹೋದವರ ಹೆಗಲ ಮೇಲೆ ಯಾರದೋ ಕೈ ಉಳಿದುಕೊಂಡಿರುತ್ತದೆ, ಇಲ್ಲವೇ ಪಕ್ಕದವರ ರೇಷ್ಮೆ ಸೀರೆಯ ಅಂಚು ಇಣುಕುತ್ತಿರುತ್ತದೆ.

ದೊಡ್ಡಮ್ಮನಿಗೆ ಈ ಮುಚ್ಚುಮರೆಯೆಲ್ಲ ಇರಲಿಲ್ಲ. "ಚೆನ್ನಾಗಿ ತೆಗೆಯಪ್ಪ. ಗೋಡೆಗೆ ಹಾಕಿದ ಮೇಲೆ ನಾನು ಬಂದು ತಿದ್ದಲು ಆಗುವುದಿಲ್ಲ" ಎಂದರು. ಅವರನ್ನು ಜಗುಲಿಯ ನೆರಳಿನಲ್ಲಿ ಕೂರಿಸಿ, ಎದುರಿನ ಅಂಗಳದ ಬಿಸಿಲಿನಲ್ಲಿ ದೊಡ್ಡಪ್ಪನ ಒಗೆದ ಬಿಳಿ ಪಂಚೆಯೊಂದನ್ನು ಹಾಸಿದೆ. "ಇದೇನು, ಸಂಡಿಗೆ ಒಣಗಿಸುತ್ತೀಯಾ?" ಎಂದು ಕೇಳಿದರು. ಪಂಚೆಯಿಂದ ಪುಟಿದ ಬೆಳಕು ಮುಖದ ಸುಕ್ಕುಗಳೊಳಕ್ಕೆ ಇಳಿದು ಕಣ್ಣುಗಳಲ್ಲಿ ಸಣ್ಣ ಬಿಳಿ ಚುಕ್ಕೆಯಾಗಿ ನಿಂತಿತು. ಆದರೆ ಕ್ಯಾಮೆರಾ ಎತ್ತಿದ್ದೇ ತಡ, ಅಲ್ಲಿಯವರೆಗೆ ನಗುತ್ತಿದ್ದವರು ಸೆರಗು ಸರಿಮಾಡಿಕೊಂಡು, ಉಸಿರು ಬಿಗಿಹಿಡಿದು, ಹಾಜರಿ ಕರೆಯುವಾಗ ಎದ್ದು ನಿಂತ ಹುಡುಗಿಯ ಮುಖ ಮಾಡಿದರು. 1838ರಲ್ಲಿ ಛಾಯಾಗ್ರಹಣದ ಮೊದಲಿಗರಲ್ಲಿ ಒಬ್ಬನಾದ ಡಾಗೇರ್ ಪ್ಯಾರಿಸ್ಸಿನ ರಸ್ತೆಯೊಂದರ ಚಿತ್ರ ತೆಗೆದಾಗ ಬೆಳಕು ಮೂಡಲು ನಿಮಿಷಗಟ್ಟಲೆ ಬೇಕಿತ್ತು. ಓಡಾಡುತ್ತಿದ್ದ ಜನ, ಗಾಡಿ ಎಲ್ಲ ಮಾಯವಾಗಿ, ಬೂಟಿಗೆ ಪಾಲಿಶ್ ಹಾಕಿಸಿಕೊಳ್ಳುತ್ತ ಒಂದೇ ಕಡೆ ನಿಂತಿದ್ದವನು ಮಾತ್ರ ಉಳಿದ. ಈಗ ಒಂದು ಸೆಕೆಂಡಿನ ಐನೂರನೆಯ ಒಂದು ಭಾಗ ಸಾಕು. ಇದನ್ನು ದೊಡ್ಡಮ್ಮನಿಗೆ ವಿವರಿಸಿ ಹೇಳಿದೆ. "ಅಷ್ಟು ಬೇಗ ಆಗುವುದಾದರೆ ಇಷ್ಟು ಹೊತ್ತಿನಿಂದ ಏನು ಮಾಡುತ್ತಿದ್ದೀಯ?" ಎಂದು ನಕ್ಕರು. ಆಗ ಒತ್ತಿದೆ. ಮನೆಯವರಿಗೆ ಆ ನಗು ಒಪ್ಪಿಗೆಯಾಗಲಿಲ್ಲ, "ಗೋಡೆಯ ಫೋಟೊದಲ್ಲಿ ಹಲ್ಲು ಕಾಣಬಾರದು" ಎಂದರು. ದೊಡ್ಡಮ್ಮ ಅದನ್ನೇ ಆರಿಸಿದರು. ಚೌಕಟ್ಟು ಹಾಕಿಸಿಕೊಂಡು ತಮ್ಮ ಕೋಣೆಯಲ್ಲಿ ತಾವೇ ಇಟ್ಟುಕೊಂಡು, ಬಂದವರಿಗೆಲ್ಲ ತೋರಿಸುತ್ತಾರೆ.

ಆ ಸುದ್ದಿ ಹಬ್ಬಿ ನನಗೆ ಕೈತುಂಬ ಕೆಲಸ. ನಾಮಕರಣ, ಗೃಹಪ್ರವೇಶ, ಪಾಸ್‌ಪೋರ್ಟ್ ಅಳತೆಯ ಚಿತ್ರ, ಮಾರಾಟಕ್ಕಿಟ್ಟ ಸೈಟಿನ ಚಿತ್ರ. ಸಂಭಾವನೆಯಾಗಿ ಬಾಳೆಗೊನೆ, ಏಲಕ್ಕಿ, ಒಮ್ಮೆ ಹಲಸಿನ ಹಣ್ಣು. ಕಳೆದ ವಾರ ಊರಿನ ಪಕ್ಕದ ಮನೆಯವರು ಬಂದು ಹಸುವಿಗೆ ವಿಮೆ ಮಾಡಿಸಬೇಕು, ಫೋಟೊ ಬೇಕು ಎಂದರು. ವಿಮೆಯ ಹಸುವಿನ ಚಿತ್ರದಲ್ಲಿ ಕಿವಿಯೋಲೆ ಕಾಣಬೇಕು, ಅದರ ಮೇಲಿನ ಸಂಖ್ಯೆ ಓದಲು ಬರಬೇಕು. ಹಳದಿ ಪ್ಲಾಸ್ಟಿಕ್ಕಿನ ಓಲೆ, ಅದರ ಮೇಲೆ ಸಗಣಿಯ ಒಣ ಲೇಪ. ಒದ್ದೆ ಬಟ್ಟೆಯಲ್ಲಿ ಒರೆಸಿ ಕ್ಯಾಮೆರಾ ಹಿಡಿದರೆ ಹಸು ಕಿವಿ ಬಡಿಯುತ್ತದೆ. ಕಿವಿ ನಿಂತಿತು ಎನ್ನುವಾಗ ತಲೆ ತಿರುಗಿಸುತ್ತದೆ. ಹುಲ್ಲು ತೋರಿಸಿದರೆ ಹುಲ್ಲಿಗೆ ಬಾಯಿ ಹಾಕುತ್ತದೆ. ಕೊನೆಗೆ ಮನೆಯ ಹುಡುಗ ಗಂಗೆದೊಗಲು ಕೆರೆಯುತ್ತ ನಿಂತ ಮೇಲೆ ಹಸು ಕಣ್ಣು ಅರೆಮುಚ್ಚಿ, ಕಿವಿ ಅಗಲಿಸಿ, ಓಲೆಯನ್ನು ನನ್ನತ್ತ ಒಡ್ಡಿತು. ಹಕ್ಕಿಗಳಿಗೆಂದು ಸಾಲ ಮಾಡಿ ತಂದ ಉದ್ದನೆಯ ಲೆನ್ಸು ಸಂಖ್ಯೆಯ ಪ್ರತಿ ಅಂಕಿಯನ್ನೂ ಬಿಡಿಸಿ ತೋರಿಸಿತು.

ಮನೆಯ ಯಜಮಾನರು ಕ್ಯಾಮೆರಾದ ಪರದೆಯನ್ನು ಕಣ್ಣಿನ ಹತ್ತಿರ ಹಿಡಿದು ಅಂಕಿಗಳನ್ನು ಗಟ್ಟಿಯಾಗಿ ಓದಿದರು, ಹುಡುಗ ಕಿವಿಯ ಹತ್ತಿರ ನಿಂತು ತಾಳೆ ನೋಡಿದ. "ಸರಿಯಾಗಿದೆ ಮೇಷ್ಟ್ರೇ" ಎಂದು ಒಪ್ಪಿಗೆ ಕೊಟ್ಟರು. ಜೊತೆಗೆ, "ಎಮ್ಮೆಯದೂ ಒಂದು ಇದೆ, ಭಾನುವಾರ ಹಾಲು ಕರೆಯುವ ಮುಂಚೆ ಬನ್ನಿ" ಎಂದರು. ಭಾನುವಾರ ಹಳೇಬೀಡಿಗೆಂದು ಇಟ್ಟುಕೊಂಡಿದ್ದೆ, ಆದರೆ ಪಶ್ಚಿಮದ ಗೋಡೆಗೆ ಬಿಸಿಲು ಬರುವುದು ಹೇಗೂ ಮೂರರ ಮೇಲೆ. ಬೆಳಿಗ್ಗೆ ಎಮ್ಮೆ ಮುಗಿಸಿಕೊಂಡು ಹೋಗಬಹುದು. ಎಮ್ಮೆ ಕಪ್ಪು. ಮಾಪಕ ಅದನ್ನೂ ಬೂದು ಮಾಡಲು ಹೊರಡುತ್ತದೆ. ಈ ಸಲ ಒಂದು ಹಂತ ಇಳಿಸಿಕೊಳ್ಳಬೇಕು.