ನಂಬಿಕೆಯ ಗುರಾಣಿ ಮತ್ತು ಮಾತ್ರೆ: ಒಂದು ಸ್ಪಷ್ಟನೆ

‘ನಂಬಿಕೆಯ ಗುರಾಣಿ ಹಿಡಿದವನಿಗೆ ಕಾಯಿಲೆ ಬಾರದು, ಮಾತ್ರೆ ನುಂಗುವುದು ಅವಿಶ್ವಾಸ’ ಎಂಬ ಸಂದೇಶ ಬೈಬಲ್‌ನ ‘ಎಫೆಸದವರಿಗೆ’ ಪತ್ರದ 6:16ರ ಹೆಸರಿನಲ್ಲಿ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಆ ವಚನದಲ್ಲಿ ಹಾಗಿಲ್ಲ.

ಗುರಾಣಿ ನಂದಿಸುವುದು ಕೆಡುಕನ, ಅಂದರೆ ಸೈತಾನನ, ಅಗ್ನಿಬಾಣಗಳನ್ನು. ನಮ್ಮ ಹೋರಾಟ ರಕ್ತಮಾಂಸದೊಂದಿಗಲ್ಲ ಎಂದು ಪತ್ರ ಬರೆದ ಪೌಲನು ಅದೇ ಅಧ್ಯಾಯದ 12ನೇ ವಚನದಲ್ಲೇ ಹೇಳಿದ್ದಾನೆ. ಭಯ, ಸಂದೇಹ, ‘ದೇವರು ನಿನ್ನ ಕೈಬಿಟ್ಟ’ ಎಂದು ನಡುರಾತ್ರಿ ಒಳಗೊಳಗೇ ಕೊರೆಯುವ ಮಾತು: ಬಾಣಗಳೆಂದರೆ ಇಂಥವು. ರೋಮನ್ ಸೈನಿಕನ ದೊಡ್ಡ ಗುರಾಣಿ ಮರದ ಪದರಗಳನ್ನು ಅಂಟಿಸಿ ಚರ್ಮ ಹೊದಿಸಿದ್ದು. ಅದನ್ನು ಹಿಡಿದವನು ಕಾಳಗದ ನಡುವೆಯೇ ನಿಂತಿರುತ್ತಿದ್ದ. ಇದನ್ನು ಬರೆಯುವಾಗ ಪೌಲನೇ ಬೇಡಿಯಲ್ಲಿದ್ದ (6:20).

ಅಸ್ವಸ್ಥನಾಗಿದ್ದ ಸಂಗಡಿಗ ತ್ರೊಫಿಮನನ್ನು ಮಿಲೇತ ಪಟ್ಟಣದಲ್ಲಿ ಬಿಟ್ಟುಬಂದದ್ದು ಪೌಲನ ಪತ್ರದಲ್ಲೇ ಇದೆ. ಇನ್ನೊಬ್ಬ ಸಂಗಡಿಗ ಎಪಫ್ರೊದೀತ ಕಾಯಿಲೆಯಿಂದ ಸಾವಿನಂಚಿಗೆ ಹೋಗಿದ್ದ. ಹೊಟ್ಟೆಯ ತೊಂದರೆಗೆ ಸ್ವಲ್ಪ ದ್ರಾಕ್ಷಾರಸ ತೆಗೆದುಕೊಳ್ಳುವಂತೆ ಕಿರಿಯ ಜೊತೆಗಾರ ತಿಮೊಥೆಯನಿಗೆ ಸಲಹೆ ಕೊಟ್ಟವನೂ ಪೌಲನೇ. ಇವರಲ್ಲಿ ಯಾರ ನಂಬಿಕೆಯನ್ನೂ ಅವನು ಹಳಿಯಲಿಲ್ಲ. ನಾವು ಹಳಿಯಲು ಯಾರು?

ಸಕ್ಕರೆ ಕಾಯಿಲೆಯವರು ದಯವಿಟ್ಟು ಇನ್ಸುಲಿನ್ ನಿಲ್ಲಿಸಬೇಡಿ. ಪ್ರಾರ್ಥಿಸಿ, ಸಭೆಯ ಹಿರಿಯರನ್ನೂ ಕರೆಯಿರಿ, ಹೊತ್ತಿಗೆ ಸರಿಯಾಗಿ ಔಷಧಿಯನ್ನೂ ತೆಗೆದುಕೊಳ್ಳಿ. ಹಾಸಿಗೆ ಹಿಡಿದಿರುವವರಿಗಂತೂ ಆ ವಾಟ್ಸ್‌ಆ್ಯಪ್ ಸಂದೇಶವನ್ನು ಕಳುಹಿಸಲೇಬೇಡಿ. ನೋವಿನಲ್ಲಿರುವವರ ಮೇಲೆ ಅವಿಶ್ವಾಸದ ಆರೋಪ ಹೊರಿಸುವುದು ಕ್ರೌರ್ಯ.