‘ಹಾಗಾದ್ರೆ ನನ್ನನ್ನ ಎಲ್ಲಿಗೆ ಕಳಿಸ್ತಾರೆ ಸಾರ್?’

ಮೊನ್ನೆ ಕೋರ್ಟಿನ ವರಾಂಡದಲ್ಲಿ ಒಬ್ಬ ಅಮ್ಮ ನನ್ನನ್ನು ಹೀಗೆ ಕೇಳಿದರು. ತಮ್ಮನ ಪಾಲಿನ ಕೇಸಿಗೆ ಅಂತ ಬಂದಿದ್ದವರು. ಕೈಯಲ್ಲಿ ಒಂದು ಪ್ಲಾಸ್ಟಿಕ್ ಕವರ್. ಒಳಗೆ ಆಧಾರ್, ರೇಷನ್ ಕಾರ್ಡ್, ವೋಟರ್ ಐಡಿ, ಮಡಿಚಿದ ಗೆರೆಯಲ್ಲೇ ಹರಿದುಹೋದ ಹಳೇ ಪಹಣಿ. ಆಧಾರ್ ಇದ್ದರೂ ಪೌರತ್ವ ಇದ್ದಂಗಲ್ಲ ಅಂತ ಟಿವಿಯಲ್ಲಿ ಯಾರೋ ಕೂಗಾಡಿದ್ದನ್ನು ಕೇಳಿ ಅವರಿಗೆ ಸರಿಯಾಗಿ ನಿದ್ದೆಯೇ ಬಂದಿರಲಿಲ್ಲ. ಹುಟ್ಟಿದ್ದು ಮನೆಯಲ್ಲೇ, 1962ರ ಸುಮಾರಿಗೆ. ಜನನ ಪತ್ರ ಅಂತ ಯಾರೂ ಮಾಡಿಸಿರಲಿಲ್ಲ.

ಟಿವಿಯಲ್ಲಿ ಹೇಳಿದ್ದು ಅರ್ಧ ನಿಜ. ಆಧಾರ್ ಪೌರತ್ವಕ್ಕೆ ಪುರಾವೆ ಅಲ್ಲ ಅಂತ ಆಧಾರ್ ಕಾಯ್ದೆಯಲ್ಲೇ ಬರೆದಿದೆ. ಆದರೆ ಉಳಿದರ್ಧವನ್ನು ಯಾರೂ ಹೇಳಲಿಲ್ಲ. 1955ರ ಪೌರತ್ವ ಕಾಯ್ದೆಯ ಪ್ರಕಾರ 1950ರ ಜನವರಿ 26ರಿಂದ 1987ರ ಜುಲೈ 1ರ ಒಳಗೆ ಭಾರತದಲ್ಲಿ ಹುಟ್ಟಿದವರು, ವಿದೇಶಿ ರಾಯಭಾರಿಗಳ ಮಕ್ಕಳಂಥ ಒಂದೆರಡು ವಿನಾಯಿತಿ ಬಿಟ್ಟರೆ, ಹುಟ್ಟಿನಿಂದಲೇ ಭಾರತೀಯರು. ಅಪ್ಪ ಅಮ್ಮ ಯಾರು ಅಂತಲೂ ಕಾನೂನು ಕೇಳುವುದಿಲ್ಲ. 1987ರ ಜುಲೈ 1ರಿಂದ ಈಚೆಗೆ ಹುಟ್ಟಿದವರಿಗೆ ಅಪ್ಪ ಅಮ್ಮನಲ್ಲಿ ಒಬ್ಬರಾದರೂ ಭಾರತೀಯರಾಗಿರಬೇಕು. 2004ರ ಡಿಸೆಂಬರ್ 3ರಿಂದ ಈಚೆಗೆ ಹುಟ್ಟಿದವರಿಗೆ ಅಷ್ಟೂ ಸಾಲದು, ಇನ್ನೊಬ್ಬರು ಅಕ್ರಮ ವಲಸಿಗರಾಗಿರಬಾರದು. ಅಂದರೆ ಒಂದೇ ಮನೆಯ ಅಜ್ಜಿ, ಮಗಳು, ಮೊಮ್ಮಗಳು ಮೂವರಿಗೂ ಮೂರು ಬೇರೆ ಬೇರೆ ನಿಯಮ ಇರಬಹುದು! ಇದನ್ನು ತಿಳಿಯದೆ ‘ದಾಖಲೆ ತೋರಿಸಿ’ ಅನ್ನುವವರೂ, ‘ಎಲ್ಲರನ್ನೂ ಓಡಿಸ್ತಾರೆ’ ಅನ್ನುವವರೂ ಅದೇ ಅಮ್ಮನ ನಿದ್ದೆ ಕೆಡಿಸುತ್ತಿದ್ದಾರೆ.

ನಾಗರಿಕರಾಗಿರುವುದು ಒಂದು ವಿಷಯ, ಅದನ್ನು ಕಾಗದದಲ್ಲಿ ತೋರಿಸುವುದು ಇನ್ನೊಂದು. ಜಗಳ ಆಡುವುದಾದರೆ ಎರಡನೆಯದರ ಬಗ್ಗೆ ಆಡೋಣ. ಯಾವ ಕಾಗದ ಸಾಕು? ಮನೆಯಲ್ಲಿ ಹುಟ್ಟಿ, ಶಾಲೆ ಮೆಟ್ಟಿಲು ಹತ್ತದ ಹೆಂಗಸು ಏನನ್ನು ತಂದು ತೋರಿಸಬೇಕು? ನನಗೆ ನಿಜಕ್ಕೂ ಸಿಟ್ಟು ಬರುವುದು ಈ ಪ್ರಶ್ನೆ ಯಾರ ಬಾಯಲ್ಲೂ ಬರದಿದ್ದಾಗ.

ಪೌರತ್ವ ಕಾಯ್ದೆಗೆ ತಂದ 2019ರ ತಿದ್ದುಪಡಿ (ಸಿಎಎ) ವಿಷಯದಲ್ಲೂ ಅಷ್ಟೇ. ಪಾಕಿಸ್ತಾನ, ಬಾಂಗ್ಲಾದೇಶ, ಅಫ್ಘಾನಿಸ್ತಾನದಿಂದ 2014ರ ಡಿಸೆಂಬರ್ 31ರ ಒಳಗೆ ಬಂದ ಆರು ಧರ್ಮದವರಿಗೆ ಅದು ಪೌರತ್ವದ ದಾರಿ ಕೊಡುತ್ತದೆ. ಇಲ್ಲಿ ಈಗಾಗಲೇ ನಾಗರಿಕರಾಗಿರುವ ಯಾರ ಪೌರತ್ವವನ್ನೂ ಆ ಕಾಯ್ದೆಯ ಪಠ್ಯ ಕಿತ್ತುಕೊಳ್ಳುವುದಿಲ್ಲ. ಆದರೂ ನನಗೆ ಅದು ಒಪ್ಪಿಗೆ ಇಲ್ಲ, ಯಾಕೆಂದರೆ ಸಂವಿಧಾನದ 14ನೇ ವಿಧಿ ಕಾನೂನಿನ ಮುಂದಿನ ಸಮಾನತೆಯನ್ನು ‘ಯಾವುದೇ ವ್ಯಕ್ತಿ’ಗೆ ಕೊಟ್ಟಿದೆ, ನಾಗರಿಕರಿಗೆ ಮಾತ್ರ ಅಂತ ಹೇಳಿಲ್ಲ. ಜೀವ ಮತ್ತು ಸ್ವಾತಂತ್ರ್ಯದ 21ನೇ ವಿಧಿಯೂ ಹಾಗೆಯೇ. ನಾಗರಿಕರಿಗೆ ಮಾತ್ರ ಅಂತ ಇರುವುದು ವಾಕ್ ಸ್ವಾತಂತ್ರ್ಯದ 19ನೇ ವಿಧಿಯಂಥವು. ಓಡಿ ಬಂದವರಲ್ಲಿ ಧರ್ಮ ನೋಡಿ ಒಬ್ಬರನ್ನು ಒಳಗೆ, ಒಬ್ಬರನ್ನು ಹೊರಗೆ ಇಡುವುದು ‘ಯಾವುದೇ ವ್ಯಕ್ತಿ’ ಅನ್ನುವ ಆ ಮಾತಿಗೆ ಹೊಂದುವುದಿಲ್ಲ ಅಂತ ನನ್ನ ನಂಬಿಕೆ. ನೀವು ಒಪ್ಪದಿರಬಹುದು, ವಾದ ಮಾಡಿ. ವಿಧಿಯನ್ನು ಓದಿಕೊಂಡು ಮಾಡಿ, ಅಷ್ಟೇ.

ಓದೋಣ ಅಂದರೆ ಕನ್ನಡದಲ್ಲಿ ಎಷ್ಟಿದೆ? ಸಂವಿಧಾನದ ಮೂಲ ರಚನೆಯನ್ನು ಸಂಸತ್ತೂ ಮುಟ್ಟುವಂತಿಲ್ಲ ಅಂತ 1973ರಲ್ಲಿ ಸುಪ್ರೀಂ ಕೋರ್ಟಿನ 13 ನ್ಯಾಯಮೂರ್ತಿಗಳ ಪೀಠ 7-6ರಲ್ಲಿ ಹೇಳಿತಲ್ಲ, ಆ ಕೇಸು ಹಾಕಿದವರು ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮೀಜಿ. ರಾಷ್ಟ್ರಪತಿ ಆಳ್ವಿಕೆಗೆ ಲಗಾಮು ಹಾಕಿದ 1994ರ ತೀರ್ಪಿನಲ್ಲಿರುವ ಹೆಸರು ನಮ್ಮ ಎಸ್.ಆರ್. ಬೊಮ್ಮಾಯಿ ಅವರದು. ಖಾಸಗಿತನ ಮೂಲಭೂತ ಹಕ್ಕು ಅಂದ 2017ರ ಕೇಸು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಪುಟ್ಟಸ್ವಾಮಿ ಅವರದು. ಮೂರೂ ನಮ್ಮವರದೇ. ಆದರೆ ಇವನ್ನು ಕನ್ನಡದಲ್ಲಿ ಬಿಡಿಸಿ ಹೇಳಬಲ್ಲ ಹುಡುಗ ಹುಡುಗಿಯರು ವಕೀಲಿಕೆಯಲ್ಲಿ ನಿಲ್ಲುತ್ತಲೇ ಇಲ್ಲ.

ನಮ್ಮ ಆಫೀಸಿಗೆ ಒಬ್ಬಳು ಜೂನಿಯರ್ ಬರುತ್ತಿದ್ದಳು. ಕನ್ನಡ ಮೀಡಿಯಂ, ಮನೆಯಲ್ಲಿ ಮೊದಲ ಪದವೀಧರೆ. ಕಕ್ಷಿದಾರರನ್ನು ಪಕ್ಕ ಕೂರಿಸಿಕೊಂಡು ಆರ್ಡರ್ ಶೀಟಿನ ಸಾಲು ಸಾಲಿಗೂ ಬೆರಳಿಟ್ಟು ಅವರ ಮಾತಲ್ಲೇ ಹೇಳುತ್ತಿದ್ದಳು. ಎರಡು ವರ್ಷ ನಾವು ಕೊಟ್ಟಿದ್ದು ಬಸ್ ಚಾರ್ಜು, ಮಧ್ಯಾಹ್ನದ ಊಟದ ದುಡ್ಡು. ಮನೆಯಲ್ಲಿ ಸಾಲ ಇತ್ತು, ಇನ್ಶೂರೆನ್ಸ್ ಕೆಲಸಕ್ಕೆ ಹೋದಳು. ಜೂನಿಯರ್‌ಗಳಿಗೆ ತಿಂಗಳಿಗೆ ನಗರದಲ್ಲಿ 20,000, ಹಳ್ಳಿ ಕಡೆ 15,000 ರೂಪಾಯಿ ಕೊಡಿ ಅಂತ 2024ರಲ್ಲಿ ಭಾರತೀಯ ವಕೀಲರ ಪರಿಷತ್ತು ಹೇಳಿತು. ಅದು ಬರೀ ಶಿಫಾರಸು. ಸಿವಿಲ್ ಜಡ್ಜ್ ಪರೀಕ್ಷೆಗೆ ಮೂರು ವರ್ಷದ ವಕೀಲಿಕೆ ಬೇಕೇ ಬೇಕು ಅಂತ 2025ರ ಮೇನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಕೋರ್ಟಿನ ಮೆಟ್ಟಿಲು ಸವೆಸಿದವರು ಜಡ್ಜ್ ಆಗಲಿ, ನನಗೂ ಒಪ್ಪಿಗೆ. ಆದರೆ ಆ ಮೂರು ವರ್ಷ ಅವರು ಹೊಟ್ಟೆಗೆ ಏನು ತಿನ್ನಬೇಕು? ನಾನೂ ಸೇರಿದಂತೆ ಎಲ್ಲ ಸೀನಿಯರ್‌ಗಳೂ ಇದಕ್ಕೆ ಉತ್ತರ ಕೊಡಬೇಕು. ಈ ತಿಂಗಳಿಂದ ನಮ್ಮ ಆಫೀಸಿನ ಇಬ್ಬರಿಗೂ ಆ ಶಿಫಾರಸಿನಷ್ಟೇ ಕೊಡುತ್ತಿದ್ದೇನೆ. ತಡವಾಯಿತು, ಗೊತ್ತು.

ಆ ಅಮ್ಮನಿಗೆ ಹೇಳಿದೆ, ‘ನೀವು ಎಲ್ಲಿಗೂ ಹೋಗಬೇಕಾಗಿಲ್ಲಮ್ಮ, ಹುಟ್ಟಿದಾಗಿಂದಲೂ ನೀವು ಇಲ್ಲಿಯವರೇ’. ‘ಅದನ್ನೇ ಬರೆದುಕೊಡಿ ಸಾರ್’ ಅಂದರು. ಒಂದು ಹಾಳೆಯಲ್ಲಿ ಕಾಯ್ದೆಯ ಹೆಸರು, ಆ ಎರಡು ತಾರೀಕು ಕನ್ನಡದಲ್ಲಿ ಬರೆದುಕೊಟ್ಟೆ. ಎರಡು ಸಲ ಓದಿಸಿ ಕೇಳಿಸಿಕೊಂಡು, ಮಡಿಚಿ, ಆ ಹರಿದ ಪಹಣಿಯ ಜೊತೆ ಕವರಿನೊಳಗೆ ಇಟ್ಟುಕೊಂಡರು.